ಐವರು ಕಣ್ಣಪ್ಪರನ್ನು ಕಂಡ ಸೀಮೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಉಳಿದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ ತಾಲ್ಲೂಕಿನ ಕೋಸಗಿ ಹೀಗೆ ಕರ್ನೂಲು ಜಿಲ್ಲೆಯ ಪಾಲಾಯಿತು. ಮರುವರ್ಷವೇ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ತೆರೆಗೆ ಬಂತು. ಮುತ್ತುರಾಜ್ ಎಂಬ ರಂಗನಟ ರಾಜಕುಮಾರ್ ಆದದ್ದು ಆ ಚಿತ್ರದಿಂದ. ಅದೇ ವರ್ಷ ಅದೇ ನಿರ್ದೇಶಕ, ಅದೇ ನಾಯಕ, ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಗಿ ಬಂತು. ರಾಜಕುಮಾರ್ ತೆಲುಗಿನಲ್ಲಿ ನಾಯಕನಾಗಿ ನಟಿಸಿದ್ದು ಅದೊಂದರಲ್ಲೇ.

ರಾಜ್ಯಗಳು ಬೇರೆಯಾದ ಹೊತ್ತಿನಲ್ಲಿ ಒಂದೇ ಮುಖ ಎರಡೂ ಭಾಷೆಯಲ್ಲಿ ಶಿವನನ್ನು ಕರೆಯಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ರೈಲಿನಲ್ಲಿ ಎರಡೂ ಆಡುವ ಕೋಸಗಿಯ ಸಿನಿಮಾಪ್ರಿಯರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಆದೋನಿಗೂ ಮಂತ್ರಾಲಯ ರೋಡ್‌ಗೂ ನಡುವೆ ರೈಲು ನಿಲ್ಲುವ ಈ ಊರಿನವರು ಎರಡೂ ಚಿತ್ರರಂಗಗಳನ್ನು ತಮ್ಮದೆಂದೇ ನೋಡಿದವರು. ಹಾಗಾಗಿ ಎರಡರ ಬಗ್ಗೆಯೂ ಗಟ್ಟಿಯಾಗಿ ಮಾತಾಡುವ ಹಕ್ಕು ಅವರಿಗಿದೆ.

ಕಣ್ಣಪ್ಪನ ಕಥೆಯನ್ನೇ ಹಿಡಿದು ನೋಡಬಹುದು. 1954ರ ಆ ಎರಡು ಚಿತ್ರಗಳ ನಂತರ 1976ರಲ್ಲಿ ಬಾಪು ನಿರ್ದೇಶನದಲ್ಲಿ ಕೃಷ್ಣಂರಾಜು ‘ಭಕ್ತ ಕಣ್ಣಪ್ಪ’ ಆದರು. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ದಲ್ಲಿ ಶಿವರಾಜಕುಮಾರ್ ಕಣ್ಣಪ್ಪ, ಪುನೀತ್ ಬಾಲಕ ಕಣ್ಣಪ್ಪ; ಮೂವತ್ತನಾಲ್ಕು ವರ್ಷ ಹಿಂದೆ ಬೇಡನಾಗಿದ್ದ ರಾಜಕುಮಾರ್ ಈ ಸಲ ಶಿವ. 2025ರಲ್ಲಿ ಮಂಚು ವಿಷ್ಣು ‘ಕಣ್ಣಪ್ಪ’ನಾಗಿ ಬಂದರು. ಒಂದೇ ಭಕ್ತನಿಗೆ ಎಪ್ಪತ್ತು ವರ್ಷಗಳಲ್ಲಿ ಐದು ಸಿನಿಮಾ, ಅವೂ ಎರಡು ಭಾಷೆಗಳಲ್ಲಿ. ಬೋಯ–ವಾಲ್ಮೀಕಿ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ ಈ ಸೀಮೆಗೆ ಬೇಡನೊಬ್ಬನ ಈ ಕಥೆ ದೂರದ್ದಲ್ಲ.

ಈ ಕಥೆಯನ್ನು ಯಾರೇ ಸಿನಿಮಾ ಮಾಡಿದರೂ ಕೊನೆಗೆ ಒಂದೇ ದೃಶ್ಯದ ಮುಂದೆ ಬಂದು ನಿಲ್ಲಬೇಕು. ಲಿಂಗದ ಒಂದು ಕಣ್ಣಿನಲ್ಲಿ ರಕ್ತ ಸುರಿಯುತ್ತದೆ. ಬೇಡ ತನ್ನ ಕಣ್ಣು ಕಿತ್ತು ಅಲ್ಲಿಡುತ್ತಾನೆ. ಆಗ ಎರಡನೆಯ ಕಣ್ಣಿನಲ್ಲೂ ರಕ್ತ. ತನ್ನ ಇನ್ನೊಂದು ಕಣ್ಣನ್ನೂ ಕಿತ್ತರೆ ಇಡುವ ಜಾಗ ಕಾಣುವುದಿಲ್ಲವಲ್ಲ, ಅದಕ್ಕೆ ಗುರುತಿಗಾಗಿ ಲಿಂಗದ ಮೇಲೆ ಕಾಲಿಡುತ್ತಾನೆ. ಪೂಜಾರಿಯ ಕಣ್ಣಿಗೆ ಅದು ಮಹಾಪಾಪ, ಬೇಡನಿಗೆ ಅದು ಕೆಲಸಕ್ಕೆ ಬೇಕಾದ ಗುರುತು ಮಾತ್ರ. ಶಾಸ್ತ್ರ, ಜಾತಿ, ಮಡಿ ಎಲ್ಲವೂ ಆ ಕಾಲಿನ ಕೆಳಗೆ ಒಂದು ಕ್ಷಣ ನಿಂತುಬಿಡುತ್ತವೆ. ಆ ಕ್ಷಣವನ್ನು ನಂಬಿಸಲು ಹಣ ಬೇಕಿಲ್ಲ, ಒಬ್ಬ ನಟನ ಮುಗ್ಧತೆ ಬೇಕು. ‘ಬೇಡರ ಕಣ್ಣಪ್ಪ’ ಇವತ್ತಿಗೂ ಉಸಿರಾಡುವುದು ಅದರಿಂದಲೇ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಕಥೆ ಅದು. ಸೆಟ್ಟು ಹಳೆಯದಾಗಿ ಕಾಣುತ್ತದೆ, ಕ್ಯಾಮೆರಾ ಅಲುಗಾಡುವುದಿಲ್ಲ, ಆದರೆ ರಾಜಕುಮಾರ್ ಮುಖದಲ್ಲಿ ಲೆಕ್ಕಾಚಾರದ ಸುಳಿವೇ ಇಲ್ಲ.

2025ರ ‘ಕಣ್ಣಪ್ಪ’ನಿಗೆ ನ್ಯೂಜಿಲೆಂಡಿನ ಬೆಟ್ಟಗಳಿದ್ದವು, ಪ್ರಭಾಸ್, ಮೋಹನ್‌ಲಾಲ್, ಅಕ್ಷಯ್ ಕುಮಾರ್ ಇದ್ದರು. ಕೊನೆಯ ಭಾಗದಲ್ಲಿ ಚಿತ್ರ ನಿಜಕ್ಕೂ ಮೇಲೇಳುತ್ತದೆ. ಅದನ್ನು ಒಪ್ಪದಿರುವುದು ಅನ್ಯಾಯ. ಅಲ್ಲಿಗೆ ಬರುವ ತನಕ ಮಾತ್ರ ನೋಡುಗನ ಕಣ್ಣು ಬೇಡನ ಮೇಲೆ ನಿಲ್ಲುವುದೇ ಇಲ್ಲ. ಮುಂದಿನ ತಾರೆ ಯಾವಾಗ ಬರುತ್ತಾನೆ ಎಂದು ಕಾಯುವುದೇ ಕೆಲಸವಾಗುತ್ತದೆ. ಕಾಳಹಸ್ತಿಯ ಸುವರ್ಣಮುಖಿ ದಂಡೆಯ ಕಥೆಗೆ ಅಷ್ಟು ದೂರದ ಹಸಿರು ಯಾಕೆ ಬೇಕಾಯಿತು? ರಾಯಲಸೀಮೆಯ ಕಲ್ಲುಗುಡ್ಡ, ಕುರುಚಲು ಕಾಡು, ಸುಡುವ ಬಿಸಿಲು ಸಾಲದಾಯಿತೆ?

ಹಳೆಯದೆಲ್ಲ ಚಿನ್ನ ಎಂದು ಇದರ ಅರ್ಥವಲ್ಲ. ಹಳೆಯ ಕಾಲದಲ್ಲಿ ಎರಡು ಭಾಷೆಗಳ ನಡುವೆ ಓಡಾಡಲು ಇದ್ದ ದಾರಿಯೇ ಬೇರೆ ಎಂಬುದು ಗಮನಿಸಬೇಕಾದ ಸಂಗತಿ. ಆಗ ಕನ್ನಡ ಸಿನಿಮಾ ಬಹುಪಾಲು ತಯಾರಾಗುತ್ತಿದ್ದುದು ಮದರಾಸಿನಲ್ಲಿ. ಒಂದೇ ಸ್ಟುಡಿಯೊ, ಒಂದೇ ಸೆಟ್, ಕೆಲವೊಮ್ಮೆ ಒಂದೇ ತಂತ್ರಜ್ಞರ ತಂಡ. ಕೆಲವು ಕಲಾವಿದರು ಮಾತ್ರ ಭಾಷೆಗೆ ತಕ್ಕಂತೆ ಬದಲಾಗುತ್ತಿದ್ದರು. 1964ರಲ್ಲಿ ಬಿ.ಎಸ್. ರಂಗಾ ಜಕಣಾಚಾರಿಯ ಕಥೆಯನ್ನು ಎರಡೂ ಭಾಷೆಗಳಲ್ಲಿ ತೆಗೆದರು. ಕನ್ನಡದ ‘ಅಮರಶಿಲ್ಪಿ ಜಕಣಾಚಾರಿ’ಯಲ್ಲಿ ಕಲ್ಯಾಣ್‌ಕುಮಾರ್, ತೆಲುಗಿನ ‘ಅಮರಶಿಲ್ಪಿ ಜಕ್ಕನ್ನ’ದಲ್ಲಿ ಅಕ್ಕಿನೇನಿ ನಾಗೇಶ್ವರರಾವ್, ಎರಡರಲ್ಲೂ ಬಿ. ಸರೋಜಾದೇವಿ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅದು. ಎರಡನ್ನೂ ನೋಡಿದವರು ಶಿಲ್ಪಿಯ ಪಾತ್ರದಲ್ಲಿ ಯಾರು ಹೆಚ್ಚು ಎಂದು ಇಂದಿಗೂ ಜಗಳವಾಡಬಹುದು. ಅಕ್ಕಿನೇನಿಯವರ ಸಲೀಸುತನ ದೊಡ್ಡದು ನಿಜ. ಆದರೂ ಕಲ್ಲಿನ ಮುಂದೆ ಮೆತ್ತಗಾಗುವ ಕಲ್ಯಾಣ್‌ಕುಮಾರ್ ಆ ಪಾತ್ರಕ್ಕೆ ಹೆಚ್ಚು ಹತ್ತಿರದವರು.

ಬಿ.ಆರ್. ಪಂತುಲು 1958ರಲ್ಲಿ ‘ಸ್ಕೂಲ್ ಮಾಸ್ಟರ್’ ತೆಗೆದು ತಾವೇ ಮೇಷ್ಟ್ರಾದರು. ಆ ಕಥೆ 1972ರಲ್ಲಿ ಎನ್.ಟಿ. ರಾಮರಾವ್ ಅವರ ‘ಬಡಿ ಪಂತುಲು’ ಆಯಿತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1974ರಲ್ಲಿ ‘ಕೋಡೆ ನಾಗು’ ಆಯಿತು. ವಿಷ್ಣುವರ್ಧನ್ ಜಾಗದಲ್ಲಿ ಶೋಭನ್ ಬಾಬು. ಚಿತ್ರದುರ್ಗದ ಕಲ್ಲಿನಿಂದ ಬೇರ್ಪಡಿಸಿದ ರಾಮಾಚಾರಿ ಅರ್ಧ ರಾಮಾಚಾರಿಯೇ. ಅದಕ್ಕೆ ಹೋಲಿಸಿದರೆ ‘ಬಡಿ ಪಂತುಲು’ ಚೆನ್ನಾಗಿ ನಿಂತಿತು. ಬಡ ಮೇಷ್ಟ್ರ ಮನೆ, ಬೆಳೆದ ಮಕ್ಕಳು ದೂರ ಮಾಡಿದ ಮುಪ್ಪು ಯಾವ ಊರಿಗಾದರೂ ಒಗ್ಗುತ್ತವೆ. ಕೋಟೆ ಒಗ್ಗುವುದಿಲ್ಲ.

ಇದಕ್ಕಿಂತಲೂ ಆಳದ ಕೊಡುಕೊಳ್ಳುವಿಕೆ ಇನ್ನೊಂದಿದೆ. ಕನ್ನಡದ ಹೊಸ ಅಲೆಗೆ ಬಾಗಿಲು ತೆರೆದ, 1970ರ ‘ಸಂಸ್ಕಾರ’ವನ್ನು ನಿರ್ದೇಶಿಸಿದವರು ಪಟ್ಟಾಭಿರಾಮ ರೆಡ್ಡಿ, ನೆಲ್ಲೂರಿನವರು, ತೆಲುಗಿನಲ್ಲಿ ಹೊಸ ಕಾವ್ಯ ಬರೆದ ಕವಿ. ಅನಂತಮೂರ್ತಿಯವರ ಕಾದಂಬರಿಯ ಅಗ್ರಹಾರದೊಳಗೆ ಅವರು ಕ್ಯಾಮೆರಾ ಒಯ್ದು ರಾಷ್ಟ್ರಪತಿ ಸ್ವರ್ಣಪದಕ ತಂದರು. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಗದಗಿನ ಪಂಚಾಕ್ಷರಿ ಗವಾಯಿಗಳ ಕುರಿತ ಕನ್ನಡ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ಇವರು ಯಾರೂ ಕನ್ನಡವನ್ನು ಮಾರುಕಟ್ಟೆ ಎಂದು ನೋಡಿದವರಲ್ಲ. ಇನ್ನೊಂದು ಭಾಷೆಯ ಮನೆಯೊಳಗೆ ಬಂದು, ಅಲ್ಲಿಯೇ ಕೂತು ದುಡಿದವರು.

ಈಗಿನ ಕೊಡುಕೊಳ್ಳುವಿಕೆಗೆ ಪ್ಯಾನ್ ಇಂಡಿಯಾ ಎಂಬ ಹೆಸರು ಬಂದಿದೆ. 2018ರ ‘ಕೆಜಿಎಫ್’, 2022ರ ಅದರ ಎರಡನೆಯ ಭಾಗ, ಅದೇ ವರ್ಷದ ‘ಕಾಂತಾರ’ ಆಂಧ್ರದ ಊರೂರು ತಲುಪಿದವು. ಕನ್ನಡ ಚಿತ್ರಕ್ಕೆ ಆಂಧ್ರದಲ್ಲಿ ಹೌಸ್‌ಫುಲ್ ಬೋರ್ಡು ಬಿದ್ದಾಗ ಕೋಸಗಿ ಕಡೆಯ ಕನ್ನಡಿಗರಿಗೆ ಆದ ಸಂತೋಷ ಸಣ್ಣದಲ್ಲ. ಆದರೆ ಅವು ಬಂದದ್ದು ತೆಲುಗು ಮಾತಿನಲ್ಲಿ. ಪಂಜುರ್ಲಿ, ಗುಳಿಗ ದೈವಗಳ ನೆಲದ ಕರಾವಳಿ ಕನ್ನಡವನ್ನು ಕೇಳಲು ಆದೋನಿಯ ಕನ್ನಡಿಗ ಗಡಿ ದಾಟಿ ಬಳ್ಳಾರಿಗೋ ರಾಯಚೂರಿಗೋ ಹೋಗಬೇಕು, ಇಲ್ಲವೆ ಮೊಬೈಲಿನಲ್ಲಿ ಬರುವ ತನಕ ಕಾಯಬೇಕು.

ಡಬ್ಬಿಂಗ್ ಕೆಟ್ಟದ್ದು ಎಂಬ ವಾದ ಇಲ್ಲಿ ಬೇಕಿಲ್ಲ. ‘ಮಾಯಾಬಜಾರ್’ ಕನ್ನಡದಲ್ಲಿ ಮಾತಾಡಿದ ಮೇಲೆ ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿತ್ತು. ಕನ್ನಡ ಚಿತ್ರರಂಗ ಎಳೆಯದಾಗಿದ್ದಾಗ ಅದಕ್ಕೆ ಕಾರಣವೂ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟ ಮೇಲೆ ಕಾಲ ಬದಲಾಯಿತು. 2019ರಲ್ಲಿ ‘ಸೈರಾ ನರಸಿಂಹ ರೆಡ್ಡಿ’ ಕನ್ನಡದಲ್ಲೂ ಬಂತು. 1846ರಲ್ಲಿ ಕೋಯಿಲಕುಂಟ್ಲದ ಖಜಾನೆಯ ಮೇಲೆ ಬಿದ್ದು ಕಂಪನಿ ಸರ್ಕಾರವನ್ನು ನಡುಗಿಸಿದ ಉಯ್ಯಾಲವಾಡದ ಪಾಳೇಗಾರ ಇದೇ ಕರ್ನೂಲು ಸೀಮೆಯವನು. ಚಿರಂಜೀವಿ ಆ ನಾಯಕ, ಕನ್ನಡದ ಸುದೀಪ್ ಅವುಕು ರಾಜ. ಕರ್ನೂಲಿನ ಕಥೆ ಕರ್ನಾಟಕಕ್ಕೆ ಕನ್ನಡದಲ್ಲಿ ಹೋಗಬಹುದಾದರೆ, ಕರ್ನಾಟಕದ ಕಥೆ ಕರ್ನೂಲಿನ ಕನ್ನಡಿಗನಿಗೆ ಕನ್ನಡದಲ್ಲಿ ಯಾಕೆ ಬರಬಾರದು? ತೆಲುಗಿನ ‘ಶಂಕರಾಭರಣಂ’ 1980ರಲ್ಲಿ ತೆಲುಗಾಗಿಯೇ ಕರ್ನಾಟಕದಲ್ಲಿ ಓಡಿತು. ಇಂದಿಗೂ ಬೆಂಗಳೂರು, ಬಳ್ಳಾರಿ, ರಾಯಚೂರುಗಳಲ್ಲಿ ತೆಲುಗು ಚಿತ್ರ ತೆಲುಗಿನಲ್ಲೇ ಓಡುತ್ತದೆ. ಆದೋನಿಯಂಥ ಊರಿನಲ್ಲಿ ದಿನಕ್ಕೆ ಒಂದು ಆಟವನ್ನಾದರೂ ಕನ್ನಡ ಮೂಲಕ್ಕೆ ಬಿಟ್ಟರೆ ವಿತರಕರ ಗಂಟೇನೂ ಕರಗುವುದಿಲ್ಲ.

ಮಾತಿನ ವಿಚಾರದಲ್ಲಿ ಈ ಸೀಮೆಗೆ ಆದದ್ದು ಎರಡು ಪಟ್ಟು ಅನ್ಯಾಯ. ಕನ್ನಡ ಸಿನಿಮಾ ಬಹುಕಾಲ ಮೈಸೂರು ಕಡೆಯ ಮಾತನ್ನೇ ನಾಯಕನ ಬಾಯಿಗೆ ಕೊಟ್ಟಿತು. ‘ಐತಿ’, ‘ಹೊಂಟೀನಿ’ ಎನ್ನುವವರಿಗೆ ಸಿಕ್ಕಿದ್ದು ಹಾಸ್ಯದ ಪಾತ್ರ. ತೆಲುಗು ಸಿನಿಮಾ ಕೃಷ್ಣಾ, ಗುಂಟೂರು ಕಡೆಯ ಮಾತನ್ನು ಎತ್ತರದಲ್ಲಿ ಕೂರಿಸಿ, ಸೀಮೆಯ ಮಾತನ್ನು ಮಚ್ಚು ಹಿಡಿದವನಿಗೆ ಕೊಟ್ಟಿತು. 1999ರ ‘ಸಮರಸಿಂಹಾ ರೆಡ್ಡಿ’, 2002ರ ‘ಆದಿ’, ‘ಇಂದ್ರ’, 2003ರ ‘ಒಕ್ಕಡು’, ಹೀಗೆ ಬಣಗಳ ಹಗೆಯ ಫ್ಯಾಕ್ಷನ್ ಚಿತ್ರಗಳು ಸಾಲು ಸಾಲಾಗಿ ಬಂದವು. ಕರ್ನೂಲಿನ ಕೊಂಡಾರೆಡ್ಡಿ ಬುರುಜು ನಾಡಿಗೆಲ್ಲ ಗೊತ್ತಾಯಿತು, ಆದರೆ ಹೊಡೆದಾಟದ ಜಾಗವಾಗಿ. ‘ಒಕ್ಕಡು’ ಅದ್ಭುತ ವೇಗದ ಚಿತ್ರ, ಅದನ್ನು ಇಷ್ಟಪಡದ ತೆಲುಗು ಪ್ರೇಕ್ಷಕ ಸಿಗುವುದು ಕಷ್ಟ. ಆದರೂ ಆ ಸಾಲಿನ ಸಿನಿಮಾಗಳನ್ನು ನೋಡಿ ಬೆಳೆದ ಹೊರಗಿನವನಿಗೆ ಕರ್ನೂಲು ಎಂದರೆ ಸುಮೊ ಗಾಡಿ, ನಾಡಬಾಂಬು, ಬಿಳಿ ಅಂಗಿ. ಹತ್ತಿ ಬಿಡಿಸುವವನು, ಕುರಿ ಕಾಯುವವನು, ಗಾರೆ ಕೆಲಸಕ್ಕೆ ಬೆಂಗಳೂರು ಬಸ್ಸು ಹತ್ತುವವನು ಆ ಚಿತ್ರಗಳಲ್ಲಿ ಗುಂಪಿನ ಹಿಂದೆ ನಿಂತಿರುತ್ತಾನೆ.

ಇತ್ತೀಚೆಗೆ ಗಾಳಿ ಬದಲಾಗಿದೆ. ‘ಪುಷ್ಪ’ದಲ್ಲಿ ಚಿತ್ತೂರಿನ ಮಾತು ನಾಯಕನ ಬಾಯಿಗೆ ಬಂತು, ಅಲ್ಲು ಅರ್ಜುನ್‌ಗೆ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಈ ಬದಲಾವಣೆಯ ನಿಜವಾದ ಫಲ ಸಿಕ್ಕಿದ್ದು ಮಾತ್ರ ಸಣ್ಣ ಚಿತ್ರಗಳಲ್ಲಿ. ಎರಡೂ ಭಾಷೆ ಬಲ್ಲ ನೋಡುಗನೊಬ್ಬ ಕಳೆದ ಹತ್ತು ವರ್ಷಗಳ ಎರಡೇ ಚಿತ್ರ ಆರಿಸಬೇಕಾದರೆ ಕನ್ನಡದ ‘ತಿಥಿ’, ತೆಲುಗಿನ ‘ಬಲಗಂ’ ಆರಿಸಬೇಕು. ಎರಡರಲ್ಲೂ ಒಬ್ಬ ಅಜ್ಜ ಸಾಯುತ್ತಾನೆ. ಎರಡೂ ಹನ್ನೊಂದನೆಯ ದಿನದ ತನಕ ನಡೆಯುತ್ತವೆ.

ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಕಥೆಯ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು 2016ರಲ್ಲಿ ಇಲ್ಲಿ ಬಿಡುಗಡೆಯಾಯಿತು. ಮಂಡ್ಯದ ನೊದೆಕೊಪ್ಪಲಿನ ಜನರೇ ನಟರು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈದು, ಅಲ್ಲೇ ಕುಸಿದು ಸಾಯುತ್ತಾನೆ. ಮೊಮ್ಮಗನಿಗೆ ಜಮೀನು ಮಾರುವ ಅವಸರ, ಮರಿಮಗನಿಗೆ ಕುರಿ ಕಾಯುವ ಹುಡುಗಿಯ ಗೀಳು. ನಡುವೆ ಮಗ ಗಡ್ಡಪ್ಪ ಯಾವುದೂ ತನ್ನದಲ್ಲವೆಂಬಂತೆ ಬ್ರಾಂಡಿಯ ಕ್ವಾರ್ಟರ್ ಹಿಡಿದು ಹೊಲದ ಬದುವಿನ ಮೇಲೆ ನಡೆಯುತ್ತಾನೆ. ರಾತ್ರಿ ಕುರಿಗಾಹಿಗಳ ಬೆಂಕಿಯ ಮುಂದೆ ಕೂತು ಅವನು ತನ್ನ ಬದುಕಿನ ಹಳೆಯ ಗಾಯವನ್ನು ದನಿ ಏರಿಸದೆ ಹೇಳುತ್ತಾನೆ. ಸಂಗೀತದ ಒತ್ತಾಸೆಯಿಲ್ಲ, ಅಳುವಿಲ್ಲ. ಅಷ್ಟು ಹೊತ್ತು ನಗಿಸಿದ ಮುದುಕ ಯಾಕೆ ಮನೆ ಸೇರುವುದಿಲ್ಲ ಎಂಬುದು ಆಗ ತಿಳಿಯುತ್ತದೆ. ಕನ್ನಡದ ಅತಿ ದೊಡ್ಡ ನಟನಾ ಕ್ಷಣಗಳಲ್ಲಿ ಅದೂ ಒಂದು. ಅದನ್ನು ಕೊಟ್ಟದ್ದು ಹಿಂದೆಂದೂ ಕ್ಯಾಮೆರಾ ಎದುರಿಸದ ಹಳ್ಳಿಗ.

2023ರ ‘ಬಲಗಂ’ನಲ್ಲಿ ಕೊಮುರಯ್ಯ ಸತ್ತ ಮೇಲೆ ಕಾಗೆ ಎಡೆ ಮುಟ್ಟುವುದಿಲ್ಲ. ಮಗಳ ಮನೆಯವರೊಂದಿಗೆ ಹಳೆಯ ಜಗಳ. ಜಗಳಕ್ಕೆ ಕಾರಣ ಊಟದ ಎಲೆಯ ಮೇಲೆ ಬೀಳಬೇಕಿದ್ದ ಒಂದು ಮಾಂಸದ ಮೂಳೆ. ಇಷ್ಟು ಸಣ್ಣದರ ಮೇಲೆ ವೇಣು ಯೆಲ್ದಂಡಿ ಇಡೀ ಬಂಧುಬಳಗವನ್ನು ಕಟ್ಟಿ ನಿಲ್ಲಿಸುತ್ತಾರೆ. ಅದು ತೆಲಂಗಾಣದ ಮಾತು, ತೆಲಂಗಾಣದ ಪದ್ಧತಿ. ಆದರೆ ಕಾಗೆಗೆ ಕೈಮುಗಿದು ಕಾಯುವ ದೃಶ್ಯ ಕೋಸಗಿಯ ಯಾವ ಮನೆಗೂ ಹೊಸದಲ್ಲ. ತೆಲಂಗಾಣದ ಹಳ್ಳಿಗಳಲ್ಲಿ ಜನ ಬಯಲಿನಲ್ಲಿ ಪರದೆ ಕಟ್ಟಿ ಊರೆಲ್ಲ ಸೇರಿ ಈ ಚಿತ್ರ ನೋಡಿದರು, ಅತ್ತರು. ‘ಬಲಗಂ’ ಕೊನೆಗೆ ಎಲ್ಲರನ್ನೂ ಕೂಡಿಸುತ್ತದೆ. ‘ತಿಥಿ’ ಯಾರನ್ನೂ ಕೂಡಿಸುವ ಗೋಜಿಗೆ ಹೋಗುವುದಿಲ್ಲ. ಮನಸ್ಸು ಹಗುರವಾಗಲು ‘ಬಲಗಂ’ ಬೇಕು. ಸತ್ಯದ ಹತ್ತಿರ ಹೆಚ್ಚು ಹೋಗಿದ್ದು ‘ತಿಥಿ’.

ಆದೋನಿ ಸೀಮೆಯ ಕನ್ನಡಕ್ಕೆ ಹತ್ತಿರದ ಮಾತು ಕೇಳಬೇಕೆಂದರೆ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ನೋಡಬೇಕು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಚಿತ್ರ. ರಿಷಬ್ ಶೆಟ್ಟಿ ನಿರ್ಮಾಣ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2024ರಲ್ಲಿ ಚಿತ್ರಮಂದಿರಕ್ಕೆ ಬಂತು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್ ಪುಡಿ ನಂಬಿ, ಇದ್ದಬದ್ದ ದುಡ್ಡು ಸುರಿದು ಬೀದಿ ಬೀದಿ ತಿರುಗುವ ಕಥೆ. ಅವಳ ಹಟ, ಬಡಾಯಿ, ಸೋಲೊಪ್ಪದ ನಡಿಗೆ ಎಲ್ಲವೂ ತುಂಗಭದ್ರೆಯ ಎರಡೂ ದಂಡೆಯ ಊರುಗಳಲ್ಲಿ ದಿನಾ ಕಾಣುವಂಥವು. ಇಂಥ ಚಿತ್ರ ಆದೋನಿಗೆ ಬರದಿದ್ದರೆ ಇನ್ನೆಲ್ಲಿಗೆ ಬರಬೇಕು?

ಈ ಸೀಮೆ ಕನ್ನಡ ತೆರೆಯ ಮೇಲೆ ಬಂದದ್ದು ಮುಖ್ಯವಾಗಿ ದೇವಸ್ಥಾನವಾಗಿ. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಜಕುಮಾರ್ ರಾಘವೇಂದ್ರ ಸ್ವಾಮಿಗಳಾದರು. ತೋಳ್ಬಲದ ಪಾತ್ರಗಳಲ್ಲಿ ಮಿಂಚುತ್ತಿದ್ದ ನಟ ಕಣ್ಣರೆಪ್ಪೆ ತಗ್ಗಿಸಿ, ದನಿ ತಗ್ಗಿಸಿ ಮಾಡಿದ ಅಭಿನಯ ಅದು. ಸಂಯಮದ ನಟನೆಗೆ ಮಾದರಿ ಕೇಳಿದರೆ ಮೊದಲು ತೋರಿಸಬೇಕಾದ ಚಿತ್ರಗಳಲ್ಲಿ ಒಂದು. ಇದೇ ಮಂತ್ರಾಲಯದ ಐತಿಹ್ಯದಲ್ಲಿ ಆದೋನಿಯ ವೆಂಕಣ್ಣನಿದ್ದಾನೆ. ದನ ಕಾಯುವ ಅಕ್ಷರ ಬಾರದ ಹುಡುಗ. ನವಾಬ ಎದುರಿಗೆ ಹಿಡಿದ ಪತ್ರವನ್ನು ಓದಬೇಕಾಗಿ ಬಂದಾಗ ಗುರುಗಳನ್ನು ನೆನೆದು ಓದಿ, ಮುಂದೆ ದಿವಾನನಾದವನು. ಅಕ್ಷರ ಬಾರದವನ ಕೈಗೆ ಅಧಿಕಾರ ಕಾಗದ ಕೊಡುವ ಆ ಗಳಿಗೆ ಇಂದಿನ ಕಚೇರಿಗಳಲ್ಲೂ ನಡೆಯುತ್ತಿದೆ. ಅದನ್ನು ಪವಾಡದ ಚೌಕಟ್ಟಿನಿಂದ ಹೊರತಂದು ನೋಡುವ ನಿರ್ದೇಶಕ ಬೇಕು.

ಹೊಳಗುಂದ ಕಡೆಯ ದೇವರಗಟ್ಟಿನಲ್ಲಿ ವಿಜಯದಶಮಿಯ ನಡುರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಹಳ್ಳಿಗರು ಪಂಜು, ಬಡಿಗೆ ಹಿಡಿದು ಬಡಿದಾಡುತ್ತಾರೆ. ಪ್ರತಿವರ್ಷ ತಲೆ ಒಡೆಯುತ್ತದೆ, ಪ್ರತಿವರ್ಷ ಟಿ.ವಿ. ವಾಹಿನಿಗಳು ಎರಡು ನಿಮಿಷ ತೋರಿಸಿ ಮುಗಿಸುತ್ತವೆ. ಆ ಜನರಿಗೆ ದೇವರೆಂದರೆ ಏನು, ಏಟು ತಿಂದವನ ಮನೆಯಲ್ಲಿ ಮರುದಿನ ಏನಾಗುತ್ತದೆ ಎಂದು ಕೇಳಿದ ಸಿನಿಮಾ ಬೇಕಾಗಿದೆ. ‘ಕಾಂತಾರ’ ಗೆದ್ದದ್ದನ್ನು ನೋಡಿ ಯಾರಾದರೂ ಇದನ್ನು ಬೆಂಕಿ, ಕೂಗಾಟದ ದೃಶ್ಯವಾಗಿ ಮಾತ್ರ ತೆಗೆದರೆ ಅದು ಇನ್ನೊಂದು ಫ್ಯಾಕ್ಷನ್ ಚಿತ್ರವಾದೀತು.

ಎಲ್ಲಕ್ಕಿಂತ ದೊಡ್ಡ ಕಥೆ ವಲಸೆಯದು. ಮಳೆ ಕೈಕೊಟ್ಟ ವರ್ಷ ಕೋಸಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯ ಮಂಡಲಗಳ ಹಳ್ಳಿಗಳಿಂದ ಸಂಸಾರಕ್ಕೆ ಸಂಸಾರವೇ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತದೆ. ಅಕ್ಕಿ ಮೂಟೆ, ಪಾತ್ರೆ, ಎಳೆ ಮಕ್ಕಳು ಒಂದೇ ಗಾಡಿಯಲ್ಲಿ. ಬೀಗ ಬಿದ್ದ ಬೀದಿಯಲ್ಲಿ ಮುದುಕರು ಉಳಿಯುತ್ತಾರೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಮಾತ್ರ ಉಳಿಯುತ್ತವೆ. 2018ರಲ್ಲಿ ರಿಷಬ್ ಶೆಟ್ಟಿ ಕಾಸರಗೋಡಿನ ಕನ್ನಡ ಶಾಲೆಯೊಂದನ್ನು ಉಳಿಸಿಕೊಳ್ಳುವ ಮಕ್ಕಳ ಕಥೆ ತೆಗೆದರು, ಅದು ರಾಷ್ಟ್ರಪ್ರಶಸ್ತಿ ಪಡೆಯಿತು. ಆದೋನಿ ಭಾಗದಲ್ಲೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಇಲ್ಲಿನ ಮಗು ಕನ್ನಡ ಶಾಲೆಯನ್ನು ಬಿಡುವುದು ಭಾಷೆಯ ಜಗಳಕ್ಕಿಂತ ಹೆಚ್ಚಾಗಿ ಹೊಟ್ಟೆಯ ಕಾರಣಕ್ಕೆ. ಆ ಕಥೆ ಕನ್ನಡದಲ್ಲೂ ಆಗಬಹುದು, ತೆಲುಗಿನಲ್ಲೂ ಆಗಬಹುದು. ಎರಡೂ ಮಾತು ಬೆರೆತ, ಇಲ್ಲಿನ ಜನ ನಿಜವಾಗಿ ಆಡುವ ಮಾತಿನಲ್ಲೇ ಆದರೆ ಎಲ್ಲಕ್ಕಿಂತ ಒಳ್ಳೆಯದು.

ಅಲ್ಲಿಯವರೆಗೆ ಆಗಬಹುದಾದ ಕೆಲಸ ಒಂದಿದೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ, ಕರ್ನಾಟಕ ಚಲನಚಿತ್ರ ಅಕಾಡೆಮಿಯಿದೆ. ಶ್ರಾವಣದಲ್ಲಿ ಉರುಕುಂದದ ಈರಣ್ಣ ಸ್ವಾಮಿಯ ಜಾತ್ರೆಗೆ ಎರಡೂ ರಾಜ್ಯದ ಭಕ್ತರು ಸೇರುತ್ತಾರೆ. ಆ ಹೊತ್ತಿನಲ್ಲಿ ಕೋಸಗಿ, ಕೌತಾಳಂ, ಹೊಳಗುಂದಗಳಿಗೆ ಒಂದು ಪರದೆ, ಒಂದು ಪ್ರೊಜೆಕ್ಟರ್ ಕಳಿಸುವುದು ಈ ಸಂಸ್ಥೆಗಳಿಗೆ ಭಾರವಲ್ಲ. ಮೊದಲ ರಾತ್ರಿ ‘ಬೇಡರ ಕಣ್ಣಪ್ಪ’ ಮತ್ತು ಬಾಪು ಅವರ ‘ಭಕ್ತ ಕಣ್ಣಪ್ಪ’, ಎರಡನೆಯ ರಾತ್ರಿ ‘ತಿಥಿ’ ಮತ್ತು ‘ಬಲಗಂ’, ಮೂರನೆಯ ರಾತ್ರಿ ‘ಶಿವಮ್ಮ’ ತೋರಿಸಲಿ. ಕನ್ನಡದ್ದು ಕನ್ನಡದಲ್ಲಿ, ತೆಲುಗಿನದ್ದು ತೆಲುಗಿನಲ್ಲಿ ಇರಲಿ. ಪ್ರದರ್ಶನ ಮುಗಿದ ಮೇಲೆ ‘ತಿಥಿ’, ‘ಬಲಗಂ’, ‘ಶಿವಮ್ಮ’ಗಳ ನಿರ್ದೇಶಕರು ಅಲ್ಲೇ ಕೂತು, ಊರಿನವರು ಆ ಸಿನಿಮಾಗಳ ಬಗ್ಗೆ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಲಿ.